ಹಸುವಿನ ರಕ್ತದಲ್ಲಿ ಹುಳ: ಮೂರನೇ ಭಾನುವಾರ

ಕೊನೆಗೂ ಮೈಕ್ರೋಸ್ಕೋಪಿನಲ್ಲಿ ಹುಳ ಸಿಕ್ಕಿತು. ಹೋದ ವಾರ ಮನೆಯವರನ್ನೆಲ್ಲ ಕರೆದು ತೋರಿಸಿದ್ದು ಸ್ಲೈಡ್ ಒರೆಸಿದ ಬಟ್ಟೆಯ ನೂಲು. ಇವತ್ತಿನದು ಕೆಂಪು ಕಣಗಳನ್ನು ಆಚೀಚೆ ತಳ್ಳುತ್ತಾ ಮಿಸುಕಾಡುತ್ತಿತ್ತು. ನೂಲು ಹಾಗೆ ಮಾಡಲ್ಲ ಅಲ್ವಾ.

ರಕ್ತ ಮಲೆಬೆನ್ನೂರು ಕಡೆಯ ನಮ್ಮ ಭಾವನ ಹಸುವಿನದು. ಬೇರೆ ಕಾರಣಕ್ಕೆ ಬಂದಿದ್ದ ಪಶುವೈದ್ಯರು ಒಂದು ಟ್ಯೂಬ್ ನನಗೂ ತೆಗೆದುಕೊಟ್ಟರು. ಅಲ್ಲಿ ಭದ್ರಾ ನಾಲೆ, ಭತ್ತದ ಗದ್ದೆ, ಸಂಜೆಯಾದರೆ ಸೊಳ್ಳೆ. ನಾನು ಹುಡುಕುತ್ತಿದ್ದ ಸೆಟೇರಿಯಾ ಅನ್ನೋ ಈ ಹುಳ ಹಸುವಿಂದ ಹಸುವಿಗೆ ಹೋಗುವುದೂ ಸೊಳ್ಳೆಯಿಂದಲೇ. ದೊಡ್ಡ ಹುಳ ಹೊಟ್ಟೆಯೊಳಗೆ ಕರುಳಿನ ಹೊರಗಡೆ ಇರುತ್ತದೆ, ಮರಿಗಳು ರಕ್ತಕ್ಕೆ ಇಳಿಯುತ್ತವೆ. ನಾನು ನೋಡಿದ್ದು ಮರಿ, ಅಂದರೆ ಮೈಕ್ರೋಫೈಲೇರಿಯಾ.

ಹಸು ಮಾತ್ರ ಆರಾಮಾಗಿದೆ. ಮೇಯುತ್ತದೆ, ಹಾಲು ಕೊಡುತ್ತದೆ. ರಕ್ತದಲ್ಲಿ ಹುಳ ಈಜುತ್ತಿದ್ದರೂ ಅದರ ಮೈ ಯಾಕೆ ಸುಮ್ನಿದೆ?

ರಕ್ತದ ಕಣಗಳಿಗೆ ಬಣ್ಣ ಹಿಡಿಸುವ ಲೀಶ್ಮನ್ ಸ್ಟೇನ್ ಹಾಕಿ ಬಿಳಿ ಕಣ ಎಣಿಸಿದೆ. ನೂರಕ್ಕೆ 14 ಇಯೊಸಿನೊಫಿಲ್ ಅನ್ನೋ ಬಗೆಯವು! ಹುಳ ಹೊಕ್ಕರೆ ಜಾಸ್ತಿಯಾಗುವುದು ಇವೇ. ಆಂಟಿಬಾಡಿ ಅಂಟಿಕೊಂಡ ಮರಿಯ ಮೈಗೆ ಕಚ್ಚಿಕೊಂಡು, ತಮ್ಮೊಳಗಿನ ಕೆಂಪು ಕಾಳುಗಳಲ್ಲಿರುವ ವಿಷವನ್ನು ಅದರ ಮೇಲೆ ಸುರಿಯುತ್ತವೆ. ಖುಷಿಯಲ್ಲಿ ಡಾಕ್ಟರಿಗೆ ಫೋನ್ ಮಾಡಿದರೆ, "ದನಕ್ಕೆ 20ರವರೆಗೂ ಮಾಮೂಲಿ ರೀ" ಅಂದರು. ದಿನಾ ಲ್ಯಾಬಿನಲ್ಲಿ ಮನುಷ್ಯರ ರಕ್ತ ನೋಡುವವನು ಅದೇ ಲೆಕ್ಕ ಹಸುವಿಗೂ ಹಾಕಿದ್ದೆ. ನಾಚಿಕೆಯಾಯಿತು.

ಆಮೇಲೆ ಒಂದಷ್ಟು ಓದಿದೆ. ಲಿಟೊಮೊಸಾಯ್ಡಿಸ್ ಅನ್ನೋ ಇದೇ ಬಳಗದ ಹುಳವನ್ನು ಬಾಲ್ಬ್-ಸಿ ತಳಿಯ ಇಲಿಗೆ ಬಿಟ್ಟರೆ ಬೆಳೆದು ಮರಿ ಹಾಕುತ್ತದೆ, ಸಿ57 ಅನ್ನೋ ಕಪ್ಪು ತಳಿಯಲ್ಲಿ ಮರಿ ಹಾಕುವ ಮೊದಲೇ ಸಾಯುತ್ತದೆ. ಹುಳ ಒಂದೇ, ಮೈ ಬೇರೆ. ಜೊತೆಗೆ ಈ ಬಳಗದ ಹುಳಗಳು ತಾವು ಒಸರಿಸುವ ವಸ್ತುಗಳಿಂದ, ರಕ್ಷಣೆಯ ಕಾವು ತಗ್ಗಿಸುವ ಇಂಟರ್‌ಲ್ಯೂಕಿನ್ 10 ಅನ್ನೋ ಪ್ರೋಟೀನ್ ಮೈಯಲ್ಲಿ ಜಾಸ್ತಿಯಾಗುವಂತೆ ನೋಡಿಕೊಳ್ಳುತ್ತವೆ. ಹುಳಕ್ಕೆ ಜೀವ ಉಳಿಯಿತು, ಹಸುವಿಗೆ ಊತ ತಪ್ಪಿತು. ಒಳ್ಳೆ ರಾಜಿ.

ಆಡಿನ ಹತ್ತಿರ ಈ ರಾಜಿ ಇಲ್ಲ. ಅಲ್ಲಿ ಸೊಳ್ಳೆಯಿಂದ ಬಂದ ಎಳೆ ಹುಳ ದಾರಿ ತಪ್ಪಿ ಬೆನ್ನುಹುರಿಗೆ ಹೊಕ್ಕರೆ ಹಿಂಗಾಲು ಬಿದ್ದುಹೋಗುತ್ತದೆ. ಆಡಿನ ರಕ್ತ ನೋಡಿ ಮೊದಲೇ ಹಿಡಿಯೋಣ ಅಂದರೆ, ಹುಳ ಸಾಮಾನ್ಯವಾಗಿ ಮರಿ ಹಾಕುವ ಹಂತಕ್ಕೇ ಅಲ್ಲಿ ಬರುವುದಿಲ್ಲ. ಭಾವನ ಕೊಟ್ಟಿಗೆಯಲ್ಲಿ ಅದೇ ಹಸುವಿನ ಪಕ್ಕ ನಾಲ್ಕು ಆಡು ಕಟ್ಟಿದ್ದಾರೆ. "ಸಂಜೆ ಅವಕ್ಕೆ ಸೊಳ್ಳೆಪರದೆ ಕಟ್ಟಿ ಭಾವ" ಅಂದೆ. "ನನಗೇ ಇಲ್ಲ ಮಾರಾಯ" ಅಂದರು.

ಮುಂದಿನ ಭಾನುವಾರ ಹೋಗುವಾಗ ಪರದೆ ಒಯ್ಯಬೇಕು. ಎರಡು.