ಕೊಪ್ಪಳದಾಗ ಕಾಡು ಎಲ್ಲೈತ್ರೀ?

ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ಮದುವೆ ಮನೆಯ ಊಟದ ಪಂಕ್ತಿಯಲ್ಲಿ, ಬ್ಯಾಂಕಿನಲ್ಲಿ ಸಾಲದ ಕಾಗದ ತಿರುವುವವರ ಎದುರಿಗೆ, ಗಂಗಾವತಿ ಬಸ್ಸಿನಲ್ಲಿ ಪಕ್ಕದ ಸೀಟಿನವರ ಹತ್ತಿರ, ಎಲ್ಲ ಕಡೆ ಮಾತು ಹೀಗೇ ಶುರುವಾಗುತ್ತದೆ.

"ಏನ್ ಕೆಲಸ ಮಾಡ್ತೀರಿ?"

"ಬೋರ್ಡ್ ಬರೀತೀವ್ರೀ, ಕೈಯಿಂದ. ನಾನು, ನನ್ನ ತಮ್ಮ. ಸಾಲಿ ಗೋಡಿ, ಅಂಗಡಿ ಬೋರ್ಡು. ಹೆಚ್ಚಾಗಿ ಪ್ರಾಣಿ, ಪಕ್ಷಿ, ಗಿಡ. ವರ್ಷಕ್ಕೊಂದು ಕ್ಯಾಲೆಂಡರ್ ಮಾಡ್ತೀವಿ. ಜಿಲ್ಲಾದ್ದೊಂದು ಚಿತ್ರದ ನಕ್ಷಾನೂ ಮಾಡೀವಿ."

"ಹಂಗಂದ್ರ ಅಡವಿ ಅಡ್ಡಾಡಬೇಕಲ್ಲ? ಕೊಪ್ಪಳದಾಗ ಕಾಡು ಎಲ್ಲೈತ್ರೀ?"

ಕೇಳಿ ನಗುತ್ತಾರೆ. ನನಗೆ ಆಗಿಬರದ್ದು ಆ ನಗೆ. ಪ್ರಶ್ನೆ ಕೇಳಿದವರು ಉತ್ತರಕ್ಕೆ ಒಂದು ಗಳಿಗೆಯಾದರೂ ಕಾಯಬೇಕು. ಇವರು ಉತ್ತರವನ್ನು ಮನೆಯಿಂದಲೇ ಕಟ್ಟಿಕೊಂಡು ಬಂದಿರುತ್ತಾರೆ: ಬಿಸಿಲು, ಬಂಡೆ, ಜಾಲಿ, ಗಿಣಿಗೇರಿ ಕಡೆಯ ಕಾರ್ಖಾನೆ ಧೂಳು, ಮುಗಿಯಿತು. ಆಮೇಲೆ ಬಿಟ್ಟಿ ಸಲಹೆ. "ನೀವು ಶಿರಸಿ ಕಡಿ ಇರಬೇಕಿತ್ತು ನೋಡ್ರಿ." ಶಿರಸಿಗೆ ನಾನ್ಯಾಕೆ ಹೋಗಲಿ? ಅಲ್ಲಿಯ ಕಾಡಿನ ಚಿತ್ರ ಬರೆಯಲು ಬೇಕಾದಷ್ಟು ಮಂದಿ ಇದ್ದಾರೆ.

ಸರಿ, ಉತ್ತರ. ಒಂದೇ ಸಲ ಹೇಳುತ್ತೇನೆ, ಬೇಕಾದರೆ ಫಾರ್ವರ್ಡ್ ಮಾಡಿಕೊಳ್ಳಿ. ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ತೋಳಕ್ಕೆಂದೇ 332 ಹೆಕ್ಟೇರ್ ವನ್ಯಧಾಮವಿದೆ. ರಾಜ್ಯದಲ್ಲಿ ತೋಳದ ಹೆಸರಿನಲ್ಲಿ ಆಗಿರುವುದು ಅದೇ ಮೊದಲು. ತುಂಗಭದ್ರೆಯಲ್ಲಿ ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. ಹರಿವನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣೆಗೆ ಮೀಸಲಿಟ್ಟಿದ್ದಾರೆ. ಹೊಳೆ ದಾಟಿ ಆ ಕಡೆ ಹೋದರೆ 1994ರಿಂದ ಇರುವ ದರೋಜಿ ಕರಡಿಧಾಮ. ಇನ್ನೂ ಆಚೆ, ಹಗರಿಬೊಮ್ಮನಹಳ್ಳಿ ಹತ್ತಿರ ಅಂಕಸಮುದ್ರದ ಕೆರೆ. 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು-ಕೆರೆಗಳ ಪಟ್ಟಿಗೆ, ಸೇರಿತು. ಅಲ್ಲಿ ಹಕ್ಕಿಗಳು ಕೂರುವುದು ನೀವು ಮೂಗು ಮುರಿಯುವ ಜಾಲಿ ಮರಗಳ ಮೇಲೇ. ಇನ್ನು ಬಂಡೆ. ನಮ್ಮ ಗುಡ್ಡದ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಹಿರೇಬೆಣಕಲ್ ಗುಡ್ಡದ ಗವಿಗಳಲ್ಲಿ ಯಾರೋ ಕೆಮ್ಮಣ್ಣಿನಲ್ಲಿ ದನ, ಜಿಂಕೆ, ಮನುಷ್ಯರನ್ನು ಬರೆದಿಟ್ಟು ಹೋಗಿದ್ದಾರೆ, ಇವತ್ತಿಗೂ ಕಾಣುತ್ತವೆ. ನಾನು ಬರೆದ ಎನಾಮೆಲ್ ಬೋರ್ಡು ಇಲ್ಲಿಯ ಬಿಸಿಲಿಗೆ ಐದು ವರ್ಷ ಬಾಳಿದರೆ ಪುಣ್ಯ. ವೃತ್ತಿಯಲ್ಲಿ ನನ್ನ ಹಿರಿಯರು ಅವರು.

ಇಷ್ಟು ಹೇಳಿದ ಮೇಲೂ "ಆದ್ರೂ ಕಾಡಂದ್ರ ಹಸರ ಇರಬೇಕಲ್ರೀ" ಅನ್ನುತ್ತಾರೆ. ಇದಕ್ಕೆ ಉತ್ತರ ಕೊಡುವುದನ್ನು ಬಿಟ್ಟಿದ್ದೇನೆ. ಬಿಟ್ಟಿದ್ದು ಕುಷ್ಟಗಿ ರಸ್ತೆಯ ಖಾನಾವಳಿ ಪ್ರಸಂಗದ ನಂತರ.

ಹೊಸ ಖಾನಾವಳಿ ತೆರೆಯುತ್ತಿದ್ದವರೊಬ್ಬರು ಕರೆಸಿದ್ದರು. ಮುಂದಿನ ಪಡಸಾಲೆಗೆ ಉದ್ದನೆಯ ಗೋಡೆ. "ನಿಸರ್ಗ ಬರೀರಿ ಅಕ್ಕಾರ. ಉಣ್ಣಾಕ ಕುಂತೋರಿಗೆ ತಂಪು ಅನ್ನಿಸಬೇಕು." ನನಗೋ ಹಬ್ಬ. ಮನೆಗೆ ಬಂದು ರಾತ್ರಿಯೆಲ್ಲ ಕೂತು ಪೆನ್ಸಿಲ್ಲಿನಲ್ಲಿ ಬರೆದೆ: ಒಂದರ ಮೇಲೊಂದು ಕೂತ ಬಂಡೆಗಳು, ಕೆಳಗೆ ಹಳದಿ ಹೂ ಬಿಟ್ಟ ತಂಗಡಿ ಗಿಡ, ದೂರದಲ್ಲಿ ಕುರಿಹಿಂಡು, ಮುಂದೆ ಹುತ್ತ ಕೆದರುತ್ತಿರುವ ಕರಡಿ. ಕರಡಿಗೆ ಮೇಲಿನ ದವಡೆಯ ನಡುವಿನ ಎರಡು ಹಲ್ಲು ಇರುವುದಿಲ್ಲ. ಹುತ್ತಕ್ಕೆ ಬಾಯಿಟ್ಟು ಆ ಸಂದಿನಿಂದಲೇ ಗೆದ್ದಲನ್ನು ಸುರ್ರನೆ ಹೀರುತ್ತದೆ. ಬಾಯಿ ತೆರೆದ ಕರಡಿ ಬರೆಯುವವರು ಮುಂದೆ ಸಾಲಾಗಿ ಹಲ್ಲು ಕೂರಿಸಿಬಿಡುತ್ತಾರೆ. ನಾನು ಆ ಖಾಲಿ ಜಾಗ ಬಿಟ್ಟು ಬರೆದಿದ್ದೆ. ಯಾರಾದರೂ ಗಮನಿಸಲಿ ಅಂತ ಸಣ್ಣ ಆಸೆ.

ಅವರು ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು. "ಇದು ನಮ್ಮ ಹೊಲದ ಹಿಂದಿನ ಗುಡ್ಡ ಅಲ್ಲೇನ್ರೀ?"

"ಹೌದ್ರೀ!" ಅಂದೆ. ನಿಜವಾಗಿಯೂ ಅದೇ ಗುಡ್ಡ ನೋಡಿ ಬರೆದದ್ದು.

"ಇದನ್ನ ದಿನಾ ಪುಕ್ಕಟ ನೋಡ್ತೀನಲ್ರೀ. ರೊಕ್ಕ ಕೊಟ್ಟು ಗೋಡಿ ಮ್ಯಾಲ ಯಾಕ ಬರಿಸ್ಲಿ?"

ಇದಕ್ಕೆ ನಿಮ್ಮ ಹತ್ತಿರ ಉತ್ತರ ಇದ್ದರೆ ಹೇಳಿ. ನನ್ನ ಹತ್ತಿರ ಇರಲಿಲ್ಲ. ಅವರು ಮೊಬೈಲ್ ತೆಗೆದು ತಮಗೆ ಬೇಕಾದ ನಿಸರ್ಗ ತೋರಿಸಿದರು: ಹಿಮದ ಬೆಟ್ಟ, ಜಲಪಾತ, ಕಟ್ಟಿಗೆ ಮನೆ, ಎರಡು ಹಂಸ. "ಮತ್ತ ಕರಡಿ ಬ್ಯಾಡ್ರೀ. ನಮ್ಮ ಕಾಕಾ ನಸುಕಿನ್ಯಾಗ ನೀರು ಹಾಯಿಸಾಕ ಹೋದಾಗ ಬೆನ್ನ ಮ್ಯಾಲ ಉಗರ ಎಳದೈತಿ. ಅವರೂ ಇಲ್ಲಿ ಉಣ್ಣಾಕ ಬರ್ತಾರ."

ಅಲ್ಲಿಗೆ ನನ್ನ ವಾದ ಮುಗಿಯಿತು. ನಾನು ದೂರ ನಿಂತು ಚಿತ್ರ ಬಿಡಿಸುವ ಕರಡಿ ಅವರ ಮನೆಯವರ ಮೈಮೇಲೆ ಗಾಯ ಮಾಡಿದ ಕರಡಿ. ಊರಿನವರಿಗೆ ಪರಿಸರಪ್ರೇಮ ಇಲ್ಲ ಅಂತ ಭಾಷಣ ಮಾಡುವವರು ಒಮ್ಮೆ ಆ ಕಾಕಾನ ಪಕ್ಕ ಊಟಕ್ಕೆ ಕೂರಬೇಕು.

ಹಾಗಾಗಿ ಏಪ್ರಿಲ್ ತಿಂಗಳಲ್ಲಿ ಕುಷ್ಟಗಿ ರಸ್ತೆಯಲ್ಲಿ ನಿಂತು ಹಿಮ ಬರೆದೆ. ಡಬ್ಬಿಯ ಮುಚ್ಚಳ ತೆಗೆದು ಚಹಾ ಕುಡಿದು ಬರುವಷ್ಟರಲ್ಲಿ ಎನಾಮೆಲ್ ಮೇಲೆ ಹಾಲಿನ ಹಾಗೆ ಕೆನೆ ಕಟ್ಟುತ್ತಿತ್ತು. ಅದನ್ನು ಕಡ್ಡಿಯಲ್ಲಿ ಎತ್ತಿ ಬಿಸಾಕಿ ಮತ್ತೆ ಕುಂಚ ಅದ್ದಬೇಕು. ಹತ್ತು ಗಂಟೆ ದಾಟಿತೆಂದರೆ ಬಣ್ಣ ಕುಂಚಕ್ಕೆ ಜಗ್ಗುತ್ತದೆ, ಗೆರೆ ನೆಟ್ಟಗೆ ಬರುವುದಿಲ್ಲ. ಹಟಕ್ಕೆ ಜಲಪಾತದ ಬುಡದಲ್ಲಿ ಒಂದು ಕಲ್ಲು, ಕಲ್ಲಿನ ಮೇಲೆ ಕೆಂಪು ಬೆನ್ನಿನ ಓತಿಕ್ಯಾತ ಬರೆದೆ.

"ಹಿಮದಾಗ ಓತಿಕ್ಯಾತ ಇರ್ತಾವೇನ್ರೀ?"

"ಆ ಕಡಿ ಭಾಳ ಇರ್ತಾವ್ರೀ."

ಬಿಲ್ಲಿನಲ್ಲಿ ಒಂದು ರೂಪಾಯಿ ಹಿಡಿಯಲಿಲ್ಲ, ಪುಣ್ಯಾತ್ಮರು.

"ಇದರಿಂದ ಹೊಟ್ಟಿ ತುಂಬತೈತೇನು?" ಅನ್ನುವ ಉಪಪ್ರಶ್ನೆಗೂ ಇದೇ ಉತ್ತರ. ಹಿಮದ ಬೆಟ್ಟ, ಹಂಸ, ರಾಧಾಕೃಷ್ಣ, ಗೊಬ್ಬರದ ಅಂಗಡಿ ಹೆಸರು ಹೊಟ್ಟೆ ತುಂಬಿಸುತ್ತವೆ. ಕ್ಯಾಲೆಂಡರ್ ತನ್ನ ಖರ್ಚು ತಾನು ದುಡಿದುಕೊಂಡರೆ ಆ ವರ್ಷ ಒಳ್ಳೆಯದಿತ್ತು ಅಂತ ಲೆಕ್ಕ. ಮುಂದಿನ ಪ್ರಶ್ನೆ.

ಅಲ್ಲ, ಮುಂದೆ ಹೋಗುವ ಮೊದಲು ಇನ್ನೊಂದು. "ಪರಿಸರಸ್ನೇಹಿ ಉದ್ಯಮ ಅಲ್ಲೇನ್ರೀ ನಿಮ್ಮದು?" ಎಂದು ಹೊಗಳುವವರಿದ್ದಾರೆ. ಅಪ್ಪ ಬೋರ್ಡ್ ಬರೆಯುತ್ತಿದ್ದವರು. ಫ್ಲೆಕ್ಸ್ ಬಂದಾಗ ಅವರ ಏಣಿ ಮೂಲೆ ಸೇರಿತು. 2016ರಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಚೀಲದ ಜೊತೆ ಫ್ಲೆಕ್ಸನ್ನೂ ನಿಷೇಧಿಸಿತು ಅಂತ ಪೇಪರಿನಲ್ಲಿ ಬಂದಾಗ ಅಪ್ಪ ಏಣಿಯ ಧೂಳು ಒರೆಸಿದರು. ನಿಷೇಧ ಕಾಗದದಲ್ಲಿ ಉಳಿಯಿತು, ಹುಟ್ಟುಹಬ್ಬದ ಅಣ್ಣಂದಿರು ಸರ್ಕಲ್ಲಿನಲ್ಲಿ ಕೈಮುಗಿದುಕೊಂಡು ಉಳಿದರು. ಗಾಳಿಗೆ ಹರಿದ ಫ್ಲೆಕ್ಸು ಆಮೇಲೆ ತಿಪ್ಪೆಗೆ, ಬಣವೆಯ ಹೊದಿಕೆಗೆ, ಕೊನೆಗೆ ಹಳ್ಳಕ್ಕೆ. ಹಾಗಂತ ನಮ್ಮ ಎನಾಮೆಲ್ಲೇನು ಗಂಗಾಜಲ ಅಲ್ಲ. ಸಾಲಿ ಗೋಡೆಯ ಕೆಲಸಕ್ಕೆ ಹಳೇ ಸ್ಟಾಕಿನ ಡಬ್ಬಿ ಮುಟ್ಟುವುದಿಲ್ಲ, ಯಾಕೆಂದರೆ ಮನೆ ಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ದಾಟಬಾರದು ಎಂಬ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಕುಂಚ ತೊಳೆದ ಟರ್ಪೆಂಟೈನನ್ನು ಗಟಾರಕ್ಕೆ ಸುರಿಯದೆ ಡಬ್ಬಿಯಲ್ಲಿ ಇಡುತ್ತೇವೆ. ನಾಲ್ಕು ದಿನಕ್ಕೆ ಬಣ್ಣ ತಳಕ್ಕೆ ಕೂತು ಮೇಲೆ ತಿಳಿ ನಿಲ್ಲುತ್ತದೆ, ಬಗ್ಗಿಸಿ ಮತ್ತೆ ಬಳಸಬಹುದು. ಇದನ್ನು ಕಲಿಸಿದವರು ಅಪ್ಪ. ಪರಿಸರಕ್ಕಲ್ಲ, ಟರ್ಪೆಂಟೈನಿನ ರೇಟಿಗೆ ಹೆದರಿ.

ಕುಂಚ ಮಾತ್ರ ನನ್ನ ಹಟ. ಮುಂಗುಸಿ ಕೂದಲಿನ ಕುಂಚ ಹಿಡಿದವರಿಗೆ ಬೇರೆ ರುಚಿಸುವುದಿಲ್ಲ. ಬಣ್ಣ ಹಿಡಿದುಕೊಳ್ಳುತ್ತದೆ, ಒತ್ತಿ ಬಿಟ್ಟರೆ ತುದಿ ಮತ್ತೆ ಸೂಜಿಯಾಗುತ್ತದೆ. ಆ ಕೂದಲಿಗಾಗಿ ಮುಂಗುಸಿ ಕೊಲ್ಲುತ್ತಾರೆ, ವನ್ಯಜೀವಿ ಕಾಯ್ದೆಯ ಪ್ರಕಾರ ಮಾರುವುದು ಅಪರಾಧ. ಆದರೂ ಹಳೇ ಅಂಗಡಿಗಳಲ್ಲಿ ಕೌಂಟರಿನ ಕೆಳಗಿಂದ ಬರುತ್ತಿತ್ತು. ನಾವು ನೈಲಾನ್ ಕುಂಚದಲ್ಲೇ ಬರೆಯುತ್ತೇವೆ, ತುದಿ ಬೇಗ ಬಾಯಿಬಿಡುತ್ತದೆ, ಬೈದುಕೊಳ್ಳುತ್ತೇವೆ.

ಇಷ್ಟೆಲ್ಲ ಕೇಳುವವರು ಕೇಳದ ಒಂದು ಪ್ರಶ್ನೆಯಿದೆ: ನಿಮ್ಮ ನಕ್ಷೆಯಲ್ಲಿ ಏನೇನು ಬರೆದಿಲ್ಲ?

ಕೇಳಿದ್ದರೆ ನಿಂತು ಮಾತಾಡುತ್ತಿದ್ದೆ, ಬಸ್ಸು ತಪ್ಪಿದರೂ ಸರಿ. ಚಳಿಗಾಲ ಪೂರ್ತಿ ನಾವು ಹೊರಗೇ ಇರುತ್ತೇವೆ, ನಸುಕಿಗೆ ಹೊರಟು ಬಿಸಿಲೇರುವ ಹೊತ್ತಿಗೆ ವಾಪಸು. ನೋಡಿದ್ದು ಬಹಳ, ಅದರಲ್ಲಿ ನಕ್ಷೆಗೆ ಹೋಗಿದ್ದು ಅರ್ಧವೂ ಇಲ್ಲ. ಕೊಂಬಿನ ಗೂಬೆ ಮರಿ ಮಾಡುವ ಬಂಡೆಯ ಸಂದು ಅದರಲ್ಲಿಲ್ಲ, ಯಾಕೆಂದರೆ ದೀಪಾವಳಿ ಅಮಾವಾಸ್ಯೆಯ ಮಾಟಕ್ಕೆ ಗೂಬೆ ಹುಡುಕುವ ಮಂದಿ ಇದ್ದಾರೆ. ನಕ್ಷತ್ರ ಆಮೆ ಎಲ್ಲಿ ಸಿಗುತ್ತದೆ ಅಂತ ಇಲ್ಲ, ಮನೆಯಲ್ಲಿಟ್ಟರೆ ಲಕ್ಷ್ಮಿ ಬರುತ್ತಾಳೆ ಅಂತ ಚೀಲಕ್ಕೆ ಹಾಕಿಕೊಂಡು ಹೋಗುತ್ತಾರೆ. ನೀರುನಾಯಿ ಹೊಳೆಯ ಉದ್ದಕ್ಕೂ ಈಜುತ್ತಿದೆ, ಬಿಲ ಯಾವ ನಡುಗಡ್ಡೆಯಲ್ಲಿ ಅಂತ ಬರೆದಿಲ್ಲ.

ಎಲ್ಲಕ್ಕಿಂತ ಮೇಲೆ ತೋಳ. ತೋಳ ಮರಿ ಹಾಕುವುದು ಚಳಿಗಾಲದಲ್ಲಿ, ಮಣ್ಣಿನ ಬಿಲದಲ್ಲೋ ಬಂಡೆಯ ಪೊಟರೆಯಲ್ಲೋ. ಮನುಷ್ಯರ ಸುಳಿದಾಟ ಹೆಚ್ಚಿದರೆ ತಾಯಿ ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಬೇರೆ ಕಡೆ ಸಾಗಿಸುತ್ತದೆ. ನನಗೆ ಬರುವ ಮೆಸೇಜು ನೋಡಿ: "ಅಕ್ಕಾ, ತೋಳದ ಲೊಕೇಶನ್ ಕಳ್ಸ್ರಿ, ರೀಲ್ಸ್ ಮಾಡಬೇಕು." ಇಂಥವರಿಗೆ ದರೋಜಿಯ ವೀಕ್ಷಣಾ ಗೋಪುರದ ಲೊಕೇಶನ್ ಕಳಿಸುತ್ತೇನೆ. ಅಲ್ಲಿ ಎದುರಿನ ಬಂಡೆಗೆ ಬೆಲ್ಲದ ಪಾಕ ಸವರಿರುತ್ತಾರೆ, ಕರಡಿಗಳು ಸಂಜೆಮುಂದ ತಾವಾಗಿ ಬರುತ್ತವೆ. ನೋಡಿ, ಮನೆಗೆ ಹೋಗಿ.

ಬಿಲ ಎಲ್ಲಿದೆ ಅಂತ ನಮಗಿಂತ ಮೊದಲು ಗೊತ್ತಿರುವವರು ಕುರಿಗಾರರು. ನಮಗೆ ಪರಿಚಯದ ಒಬ್ಬ ಅಜ್ಜ ಇದ್ದಾನೆ. ಅವನ ಹಿಂಡಿನಿಂದ ತೋಳ ಕುರಿಮರಿ ಒಯ್ದದ್ದುಂಟು. "ನಾ ಕುರಿ ಎಣಿಸ್ತೀನಿ, ಆ ಸೂಳೇಮಗನೂ ಎಣಿಸ್ತೈತಿ" ಅನ್ನುತ್ತಾನೆ. ಮತ್ತೆ ಬಿಲ ಯಾಕೆ ಯಾರಿಗೂ ತೋರಿಸಿಲ್ಲ ಅಂತ ಕೇಳಿದೆ. ದೊಡ್ಡ ಮಾತು ಬರಬಹುದು ಅಂತ ಕಾದಿದ್ದೆ. "ತೋರಿಸಿದ್ರ ಮಂದಿ ಗಾಡಿ ತಗೊಂಡು ಬರ್ತಾರವ್ವಾ. ಗಾಡಿ ಸಪ್ಪಳಕ್ಕ ನನ್ನ ಕುರಿ ಚೆಲ್ಲಾಪಿಲ್ಲಿ ಆಗ್ತಾವ. ತೋಳಂದು ಒಂದು ಮರಿ ಲುಕ್ಸಾನು, ಮಂದೀದು ಇಡೀ ದಿನಾ ಲುಕ್ಸಾನು." ಸಂರಕ್ಷಣೆಗೆ ಇದಕ್ಕಿಂತ ಗಟ್ಟಿ ಕಾರಣ ನಾನು ಇನ್ನೂ ಕೇಳಿಲ್ಲ.

ಈಗ ಅಂಗಡಿಯಲ್ಲಿ ನಮ್ಮದೇ ಜಗಳ. ನಕ್ಷೆ ಮರುಮುದ್ರಣಕ್ಕೆ ಹೋಗಬೇಕು. ತಮ್ಮ ಹೇಳುವುದು ಹೀಗೆ: "ಅಕ್ಕಾ, ನೀ ಎಲ್ಲಾ ಬಚ್ಚಿಟ್ಟು ಖಾಲಿ ನಕ್ಷಾ ಕೊಟ್ರ, ಇಲ್ಲೇನೂ ಇಲ್ಲ ಅನ್ನೋರ ಮಾತು ಖರೆ ಆಗತೈತಿ. ನಾಳೆ ಕ್ವಾರಿಯವರು, ಫ್ಯಾಕ್ಟರಿಯವರು ಬಂದು ಇದೇ ನಕ್ಷಾ ತೋರಿಸ್ತಾರ, ನೋಡ್ರಿ ಬರೇ ಬಯಲು ಅಂತ." ಅವನ ಮಾತು ತಳ್ಳಿಹಾಕುವಂಥದ್ದಲ್ಲ. ಕೊಪ್ಪಳದಲ್ಲಿ ಕಾಡೆಲ್ಲಿದೆ ಅಂತ ನಗುವವರ ಬಾಯಿ ಮುಚ್ಚಿಸಬೇಕಾದರೆ ತೋರಿಸಬೇಕು. ತೋರಿಸಿದರೆ ಅವರೇ ಗಾಡಿ ತಗೊಂಡು ಬರುತ್ತಾರೆ. ವನ್ಯಧಾಮದ ಹೆಸರು ಹಾಕೋಣ, ಅದು ಪೇಪರಿನಲ್ಲಿ ಬಂದಾಗಿದೆ. ಬಿಲದ ಗುಡ್ಡ ಬೇಡ, ಆ ಕಡೆಯ ದಾರಿಯೂ ಬೇಡ ಅನ್ನುವುದು ನನ್ನ ಪಟ್ಟು. ದಾರಿ ಇಲ್ಲದ ನಕ್ಷೆಗೆ ಯಾರು ರೊಕ್ಕ ಕೊಡುತ್ತಾರೆ ಅನ್ನುವುದು ಅವನದು. ಅಂಗಡಿ ಲೆಕ್ಕ ಬರೆಯುವವನು ಅವನೇ ಆದ್ದರಿಂದ ಮಾತಿಗೆ ತೂಕ ಜಾಸ್ತಿ.

ನಿನ್ನೆ ರಾತ್ರಿ ಅವನೇ ಒಂದು ರಾಜಿಸೂತ್ರ ತಂದ. ತೋಳದ ಚಿತ್ರ ದೊಡ್ಡದಾಗಿಯೇ ಬರೆಯೋಣ, ಆದರೆ ಕೊಪ್ಪಳ ಬಸ್ ಸ್ಟ್ಯಾಂಡಿನ ಮೇಲೆ. ಲೊಕೇಶನ್ ಕೇಳಿದವರೆಲ್ಲ ಅಲ್ಲೇ ಹುಡುಕಲಿ.