ಕಣ್ಣಾಪರೇಷನ್ ಆದ್ಮೇಲೆ ಗೊಂಬೆ ಕೆಲಸ ಯಾವಾಗ ಶುರು ಮಾಡ್ಬೋದು?

"ಅಕ್ಕಾ, ಪೊರೆ ಆಪರೇಷನ್ ಮಾಡಿಸ್ಕೊಂಡು ಎಷ್ಟು ದಿನಕ್ಕೆ ಮತ್ತೆ ಗೊಂಬೆ ಮಾಡೋಕೆ ಕೂತ್ರಿ?" ಹಾಸನದಲ್ಲಿ ಎಲ್ಲಿ ಹೋದ್ರೂ ಈ ಪ್ರಶ್ನೆ ಕೇಳ್ತಾರೆ, ಕಟ್ಟಿನಕೆರೆ ಮಾರ್ಕೆಟ್ ಕಡೆ ಲೇಸು ಜರಿ ತರೋಕೆ ಹೋದಾಗ್ಲೂ ಕೇಳ್ತಾರೆ, ಮದುವೆ ಮನೇಲೂ ಕೇಳ್ತಾರೆ. ಕೇಳೋರು ಹೆಚ್ಚಿನವರು ನನ್ನ ಹಾಗೇ ವಯಸ್ಸಾಗ್ತಿರೋ ಹೆಂಗಸರು, ಬ್ಲೌಸ್ ಹೊಲಿಯೋರು, ಸೀರೆಗೆ ಕುಚ್ಚು ಕಟ್ಟೋರು, ಕಣ್ಣಿದ್ರೇನೇ ಸಂಪಾದನೆ ಅನ್ನೋರು. ಅದಕ್ಕೇ ಸ್ವಲ್ಪ ವಿವರವಾಗೇ ಬರೀತೀನಿ.

ಎಷ್ಟು ದಿನ ಅಂತ ಒಂದೇ ಮಾತಲ್ಲಿ ಹೇಳೋಕಾಗಲ್ಲ, ಯಾಕಂದ್ರೆ ಗೊಂಬೆ ಮಾಡೋದು ಅಂದ್ರೆ ಒಂದು ಕೆಲಸ ಅಲ್ಲ. ಬಟ್ಟೆ ಕತ್ತರಿಸೋದು, ಹೊಲಿಯೋದು, ಹತ್ತಿ ತುಂಬೋದು, ಜಡೆ ಹೆಣೆಯೋದು, ಸೀರೆ ಉಡಿಸೋದು, ಒಡವೆ ಅಂಟಿಸೋದು, ಕೊನೇಲಿ ಮುಖ ಬರೆಯೋದು. ಇದ್ರಲ್ಲಿ ಕೆಲವು ಮೊದಲನೇ ವಾರದಲ್ಲೇ ಮಾಡ್ಬೋದು, ಕೆಲವಕ್ಕೆ ತಿಂಗಳ ಮೇಲೆ ಕಾಯ್ಬೇಕು. ಡಾಕ್ಟರ್ ಹತ್ರ ಹೋದಾಗ "ಕೆಲಸ ಮಾಡ್ಬೋದಾ" ಅಂತ ಕೇಳ್ಬೇಡಿ, ಈ ಒಂದೊಂದನ್ನೂ ಹೆಸರು ಹೇಳಿ ಕೇಳಿ. ನಾನು ಹಾಗೇ ಕೇಳ್ದೆ, ಅವರೂ ಒಂದೊಂದಕ್ಕೂ ಬೇರೆ ಬೇರೆ ಉತ್ತರ ಕೊಟ್ರು.

ಆಪರೇಷನ್ ಸಣ್ಣದೇ. 2–3 ಮಿಲಿಮೀಟರ್ ಗಾಯ ಮಾಡಿ, ಮಂಜಾದ ಲೆನ್ಸನ್ನ ಅಲ್ಟ್ರಾಸೌಂಡಲ್ಲಿ ಪುಡಿ ಮಾಡಿ ಹೊರಗೆ ತೆಗೆದು ಹೊಸ ಲೆನ್ಸ್ ಕೂರಿಸ್ತಾರೆ, ಸಾಮಾನ್ಯವಾಗಿ ಹೊಲಿಗೇನೂ ಹಾಕಲ್ಲ, ಅವತ್ತೇ ಮನೆಗೆ ಕಳಿಸ್ತಾರೆ. ಹೊಲಿಗೆ ಇಲ್ಲ ಅಂದ್ಮೇಲೆ ಗಾಯಾನೇ ಇಲ್ಲ ಅನ್ನೋ ಥರ ಜನ ಓಡಾಡ್ತಾರೆ, ಆದ್ರೆ ಆ ಗಾಯ ತಾನಾಗೇ ಕೂಡ್ಕೋಬೇಕಲ್ವಾ, ಅದಕ್ಕೇ ಮೊದಲ ಕೆಲವು ವಾರ ಕಣ್ಣು ಉಜ್ಜಬಾರದು, ಸೋಪ್ ನೀರು ಬೀಳಬಾರದು, ಭಾರ ಎತ್ತಬಾರದು, ಧೂಳಿಗೆ ಹೋಗಬಾರದು ಅಂತ ಇಷ್ಟೊಂದು ಹೇಳೋದು.

ಎಲ್ಲರೂ ಸುಲಭ ಅನ್ಕೊಳ್ಳೋದು ಹತ್ತಿ ತುಂಬೋ ಕೆಲಸಾನ. "ಅದಕ್ಕೇನು ಕಣ್ಣು ಬೇಕಾ, ಕೂತು ತುಂಬೋದು ತಾನೇ" ಅಂತಾರೆ. ನನ್ನ ಪ್ರಕಾರ ಎಲ್ಲದಕ್ಕಿಂತ ಕೊನೆಗೆ ಕೈ ಹಾಕ್ಬೇಕಾದ ಕೆಲಸ ಅದು. ಬೂರುಗದ ಹತ್ತಿ ತುಂಬಿದವರಿಗೆ ಗೊತ್ತು, ಫ್ಯಾನ್ ಆಫ್ ಮಾಡಿದ್ರೂ ಎಳೆ ರೂಮೆಲ್ಲಾ ಹಾರುತ್ತೆ, ರೆಪ್ಪೆ ಮೇಲೆ ಕೂರುತ್ತೆ, ನವೆ ಆಗುತ್ತೆ, ಕೈ ತಾನಾಗೇ ಕಣ್ಣಿಗೆ ಹೋಗುತ್ತೆ. ಮರದ ಪುಡಿ ತುಂಬೋರಾದ್ರೆ ಇನ್ನೂ ಕಷ್ಟ. ಹಾಗಾಗಿ ಆಪರೇಷನ್ ಡೇಟ್ ಗೊತ್ತಾದ ಕೂಡ್ಲೇ ನಾನು ಗೊಂಬೆಗಳ ಮೈ, ಕೈ, ಕಾಲು ಎಲ್ಲಾ ಮೊದಲೇ ತುಂಬಿ ಬಾಯಿ ಹೊಲಿದು ಹಳೇ ಕಾಟನ್ ಸೀರೇಲಿ ಕಟ್ಟಿಟ್ಟೆ. ಆಮೇಲೆ ಬೇಕಾಗಿದ್ದನ್ನ ಸೊಸೆ ಹಿಂದಿನ ರೂಮಲ್ಲಿ ಬಾಗಿಲು ಹಾಕ್ಕೊಂಡು ತುಂಬಿ ಕೊಟ್ಲು.

ಮೊದಲು ಶುರು ಮಾಡಿದ್ದು ಜಡೆ. ಉಲ್ಲನ್ ದಾರದಲ್ಲಿ ಜಡೆ ಹೆಣೆಯೋದು ಬೆರಳಿಗೇ ಬರುತ್ತೆ, ಬೆನ್ನು ನೆಟ್ಟಗಿಟ್ಟು ಕುರ್ಚಿ ಮೇಲೆ ಕೂತು ಹಾಸನ ಆಕಾಶವಾಣಿ ಹಾಕ್ಕೊಂಡು ಎಷ್ಟು ಬೇಕಾದ್ರೂ ಹೆಣೀಬೋದು. ಮೊಗ್ಗಿನ ಜಡೆ ಬೇಡ, ಅದಕ್ಕೆ ಮುತ್ತು ಪೋಣಿಸ್ಬೇಕು, ಬರೀ ಸಾದಾ ಜಡೆ. ಆಮೇಲೆ ಸೀರೆ ನೆರಿಗೆ ಮಾಡೋದು, ದೊಡ್ಡ ಹೊಲಿಗೆ. ನೆಲದ ಮೇಲೆ ಚಾಪೆ ಹಾಕಿ ತಲೆ ಬಗ್ಗಿಸಿ ಬಟ್ಟೆ ಕತ್ತರಿಸೋ ಅಭ್ಯಾಸ ನಮ್ಮಲ್ಲಿ ತುಂಬಾ ಜನಕ್ಕಿದೆ, ಅದನ್ನ ಊಟದ ಟೇಬಲ್ ಮೇಲೆ ಮಾಡ್ಕೊಳ್ಳಿ. ಹೊಲಿಗೆ ಮೆಷಿನ್ ಎತ್ತಿ ಜಾಗ ಬದಲಾಯಿಸೋಕೆ ಮಾತ್ರ ದಯವಿಟ್ಟು ಹೋಗ್ಬೇಡಿ.

ಇನ್ನು ಮುಖ ಬರೆಯೋ ವಿಷ್ಯ. ಸಾಮಾನ್ಯವಾಗಿ ಹಾಕೋ ಲೆನ್ಸ್ ದೂರಕ್ಕೆ ಹೊಂದಿಸಿರೋದು, ಹತ್ತಿರಕ್ಕೆ ಕನ್ನಡಕ ಬೇಕೇ ಬೇಕು. ಆಪರೇಷನ್ ಆದ ಸ್ವಲ್ಪ ದಿನಕ್ಕೆ ಬೇಲೂರಿಗೆ ಹೋಗಿದ್ದಾಗ, ದೇವಸ್ಥಾನದ ಗೋಡೆ ಮೇಲೆ ಅಷ್ಟೆತ್ತರದಲ್ಲಿರೋ ಮದನಿಕೆಯರ ಬಳೆ, ಹಾರ, ತಲೆ ಮೇಲಿನ ಬಳ್ಳಿ ಎಲ್ಲಾ ನೋಡಿ ಕಣ್ಣಲ್ಲಿ ನೀರೇ ಬಂತು, ಎಷ್ಟೋ ವರ್ಷದಿಂದ ಅದು ನಂಗೆ ಹಾಗೆ ಕಂಡಿರ್ಲಿಲ್ಲ. ಅದೇ ಸಂಜೆ ಮನೆಗೆ ಬಂದು ಸೂಜಿಗೆ ದಾರ ಪೋಣಿಸೋಕಾಗ್ಲಿಲ್ಲ. ಎಷ್ಟೋ ಜನ ಇಲ್ಲೇ ಹೆದರೋದು, ಆಪರೇಷನ್ ಕೆಟ್ಟೋಯ್ತು ಅಂತ. ಕೆಟ್ಟಿಲ್ಲ, ಕಣ್ಣು ಪೂರ್ತಿ ಕೂಡ್ಕೊಂಡು ಪವರ್ ನಿಲ್ಲೋಕೆ ಸಾಮಾನ್ಯವಾಗಿ 4ರಿಂದ 6 ವಾರ ಬೇಕು, ಆಮೇಲೇ ಸರಿಯಾದ ಕನ್ನಡಕ ಬರೆದು ಕೊಡೋದು. ಅಲ್ಲೀವರೆಗೂ ನಾನು ಒಂದು ಗೊಂಬೆಗೂ ಹುಬ್ಬು ಬರೀಲಿಲ್ಲ. ಮುಖ ಇಲ್ಲದ ಗೊಂಬೆಗಳು ಸಾಲಾಗಿ ಕೂತಿದ್ವು, ಕೂತಿರ್ಲಿ. ಗೊಂಬೆಗೆ ಜೀವ ಬರೋದೇ ಕಣ್ಣಿಂದ, ಅದನ್ನ ಅಂದಾಜಲ್ಲಿ ಬರೆಯೋದು ನಂಗೆ ಇಷ್ಟ ಇಲ್ಲ.

ಬಣ್ಣದ ವಿಷ್ಯಾನೂ ಯಾರೂ ಮೊದಲೇ ಹೇಳಲ್ಲ. ಪೊರೆ ಬಂದ ಲೆನ್ಸ್ ಹಳದಿಗೆ ತಿರುಗಿರುತ್ತೆ, ನೀಲಿ ಬೆಳಕನ್ನ ತಡೀತಿರುತ್ತೆ. ಅದನ್ನ ತೆಗೆದ ಮೇಲೆ ಬಿಳಿ ಅಂದ್ರೆ ಬೆಳ್ಳಗೆ, ಸ್ವಲ್ಪ ನೀಲಿ ಹೊಡೆದ ಹಾಗೇ ಕಾಣುತ್ತೆ. ಕಪ್ಪು ದಾರ, ನೇವಿ ಬ್ಲೂ ದಾರ ಬೇರೆ ಬೇರೆ ಅಂತ ಆಗ ಗೊತ್ತಾಗುತ್ತೆ. ಒಂದು ಕಣ್ಣು ಮಾತ್ರ ಆಗಿದ್ರೆ ಒಂದೇ ರೇಷ್ಮೆ ತುಂಡು ಎರಡು ಕಣ್ಣಿಗೆ ಎರಡು ಬಣ್ಣ. ಮೋನೆ ಅನ್ನೋ ದೊಡ್ಡ ಫ್ರೆಂಚ್ ಚಿತ್ರಕಾರರು 1923ರಲ್ಲಿ ಪೊರೆ ತೆಗೆಸ್ಕೊಂಡಾಗ ಅವರಿಗೂ ಬಣ್ಣದ್ದೇ ತೊಂದರೆ ಆಗಿತ್ತು, ಕಣ್ಣೊಳಗೆ ಲೆನ್ಸ್ ಕೂರಿಸೋದು ಶುರುವಾಗಿದ್ದೇ 1949ರಲ್ಲಿ, ಅವರಿಗೆ ಅದೂ ಸಿಗ್ಲಿಲ್ಲ. ಹಾಗಾಗಿ ಗೊಂಬೆ ಮೈ ಬಣ್ಣ ಕಲಸೋದು, ಬ್ಲೌಸ್ ಪೀಸ್ ಮ್ಯಾಚ್ ಮಾಡೋದನ್ನ ಆ ದಿನಗಳಲ್ಲಿ ಮನೇಲಿ ಇನ್ನೊಬ್ಬರಿಗೆ ತೋರಿಸಿ, ಹಗಲು ಬೆಳಕಲ್ಲೇ ಮಾಡಿ.

ಇನ್ನೊಂದು ತುಂಬಾ ಮುಖ್ಯ. ನಮ್ಮ ಟೇಬಲ್ ಮೇಲೆ ಸೂಪರ್ ಗ್ಲೂ ಇರುತ್ತೆ, ಅದರ ಕೆಲವು ಬಾಟ್ಲಿ ಡ್ರಾಪ್ಸ್ ಬಾಟ್ಲಿ ಥರಾನೇ ಇರುತ್ತೆ, ಡ್ರಾಪ್ಸ್ ಅನ್ಕೊಂಡು ಗ್ಲೂ ಕಣ್ಣಿಗೆ ಬಿಟ್ಕೊಂಡಿರೋ ಕೇಸ್ ಬೇರೆ ಬೇರೆ ದೇಶಗಳಲ್ಲಿ ಆಗಿದೆ. ನಮ್ಮನೇಲಿ ಡ್ರಾಪ್ಸ್ ದೇವರ ಮನೆ ಶೆಲ್ಫಲ್ಲಿತ್ತು, ಗ್ಲೂ ಡಬ್ಬಿ ಬೀರುವಲ್ಲಿ. ಸ್ಟೀರಾಯ್ಡ್ ಡ್ರಾಪ್ಸ್ ಇದ್ರೆ ನಿಮಗೇ ಅನ್ನಿಸಿದಾಗ ನಿಲ್ಲಿಸ್ಬೇಡಿ, ಡಾಕ್ಟರ್ ಬರೆದ ಹಾಗೇ ವಾರ ವಾರ ಕಮ್ಮಿ ಮಾಡ್ಬೇಕು. ಒಂದು ಡ್ರಾಪ್ಸ್ ಆಗಿ ಇನ್ನೊಂದಕ್ಕೆ 5 ನಿಮಿಷ ಬಿಡ್ಬೇಕು, ಆ 5 ನಿಮಿಷ ಕಣ್ಣು ಮುಚ್ಚಿ ಕೂರೋದನ್ನೇ ನಾನು ಕೆಲಸದ ಬ್ರೇಕ್ ಮಾಡ್ಕೊಂಡೆ. ಹತ್ತಿರದ ಕೆಲಸ ಮಾಡುವಾಗ ನಾವು ರೆಪ್ಪೆ ಬಡಿಯೋದೇ ಮರೀತೀವಿ, ಆಪರೇಷನ್ ಆದ ಕಣ್ಣು ಮೊದಲೇ ಒಣಗಿರುತ್ತೆ. 20 ನಿಮಿಷಕ್ಕೊಂದ್ಸಲ ತಲೆ ಎತ್ತಿ ಎದುರು ಮನೆ ತೆಂಗಿನ ಮರ ನೋಡಿ. ನೋವು ಜಾಸ್ತಿ ಆಗ್ತಾ ಹೋದ್ರೆ, ಕೆಂಪಾದ್ರೆ, ಕಾಣ್ತಿದ್ದಿದ್ದು ಮಬ್ಬಾದ್ರೆ, ಮಿಂಚು ಹೊಡೆದ ಹಾಗಾದ್ರೆ, ಕಪ್ಪು ಚುಕ್ಕೆಗಳು ದಿಢೀರ್ ಅಂತ ಬಂದ್ರೆ ನಾಳೆ ನೋಡೋಣ ಅನ್ಬೇಡಿ, ಅವತ್ತೇ ಹೋಗಿ ತೋರಿಸಿ.

"ದಸರಾ ಆರ್ಡರ್ ಮುಗೀಲಿ, ಮದುವೆ ಸೀಸನ್ ಮುಗೀಲಿ" ಅಂತ ಮುಂದೂಡ್ತಾ ಇರೋರಿಗೆ ಒಂದು ಮಾತು. ನವರಾತ್ರಿ ಗೊಂಬೆ ಕೆಲಸ ಆಷಾಢಕ್ಕೇ ಶುರುವಾಗುತ್ತೆ, ಮದುವೆಗೆ ಪಟ್ಟದ ಗೊಂಬೆ ಅಲಂಕಾರ ಮಾಘದಿಂದ ಬರುತ್ತೆ. ಧನುರ್ಮಾಸದಲ್ಲಿ ಮದುವೆ ಇಲ್ಲ, ಹಾಸನಾಂಬ ಜಾತ್ರೆ ನೆಂಟರೂ ಅಷ್ಟೊತ್ತಿಗೆ ಹೋಗಿರ್ತಾರೆ. ಡಾಕ್ಟರ್ ಕಾಯ್ಬೋದು ಅಂತ ಹೇಳಿದ್ರೆ ಧನುರ್ಮಾಸದ ಮೊದಲ ವಾರಕ್ಕೆ ಡೇಟ್ ತಗೊಳ್ಳಿ, ಕನ್ನಡಕ ಕೈಗೆ ಬರೋಷ್ಟರಲ್ಲಿ ಸಂಕ್ರಾಂತಿ ಕಳೆದಿರುತ್ತೆ, ಮೊದಲನೇ ಪಟ್ಟದ ಗೊಂಬೆ ಆರ್ಡರ್ ಒಪ್ಕೋಬೋದು.