ತಲೆ ಎತ್ತುವ ಮೊದಲು ಬುಡ ನೋಡಿ

ಮರಗಳ ಸರ್ವೆ ಕೆಲಸಕ್ಕೆ ಹೊಸದಾಗಿ ಬಂದವರನ್ನು ಗುರುತು ಹಿಡಿಯುವುದು ಸುಲಭ. ಮರದ ಹೆಸರು ಕೇಳಿದ ತಕ್ಷಣ ತಲೆ ಎತ್ತಿ ಮೇಲೆ ನೋಡುತ್ತಾರೆ. ಅಷ್ಟು ಎತ್ತರದಲ್ಲಿ ಎಲೆಗಳೆಲ್ಲ ಒಂದೇ ಹಸಿರು. ಅದರೊಳಗೆ ಬಳ್ಳಿಯ ಎಲೆ, ಪಕ್ಕದ ಮರದ ಕೊಂಬೆ ಎಲ್ಲ ಸೇರಿಕೊಂಡಿರುತ್ತವೆ. ಕತ್ತು ನೋಯುತ್ತದೆಯೇ ಹೊರತು ಹೆಸರು ಸಿಗುವುದಿಲ್ಲ. ನಮ್ಮ ಜೊತೆ ಬರುವ ಹಿರಿಯ ವಾಚರ್ ಒಬ್ಬರು ಇದಕ್ಕೆ ಹೇಳುವುದು ಒಂದೇ ಮಾತು: "ಮೊದಲು ಬುಡ ನೋಡು ಮಾರಾಯ, ಎಲೆ ಎಲ್ಲಿಗೂ ಓಡಿಹೋಗುವುದಿಲ್ಲ." (ಬೇಸಿಗೆಯಲ್ಲಿ ಓಡಿಯೇ ಹೋಗಿರುತ್ತದೆ, ಅದು ಬೇರೆ ಮಾತು.)

ನಮ್ಮ ಕೆಲಸ ಇಷ್ಟೇ. ಕಾಡಿನೊಳಗೆ ಪ್ಲಾಟ್ ಗುರುತು ಹಾಕಿ, ಅದರೊಳಗಿನ ಪ್ರತಿ ಮರಕ್ಕೂ ನಂಬರಿನ ಟ್ಯಾಗ್ ಹೊಡೆದು, ಎದೆಮಟ್ಟದಲ್ಲಿ ಸುತ್ತಳತೆ ತೆಗೆದು, ಹೆಸರು ಬರೆಯುವುದು. ಎದೆಮಟ್ಟ ಎಂದರೆ ಅಳೆಯುವವನ ಎದೆಯಲ್ಲ, ನೆಲದಿಂದ 1.37 ಮೀಟರ್. ಇಳಿಜಾರಿದ್ದರೆ ಮೇಲ್ಬದಿಯ ನೆಲದಿಂದ ಲೆಕ್ಕ. ಬುಡದಲ್ಲಿ ಹಲಗೆಯಂತೆ ಬೇರು ಎದ್ದಿದ್ದರೆ ಅದು ಮುಗಿದ ಮೇಲೆ ಟೇಪು ಹಿಡಿಯಬೇಕು. ಇದನ್ನೆಲ್ಲ ಒಂದು ದಿನದಲ್ಲಿ ಕಲಿಸಬಹುದು. ಕಷ್ಟವಿರುವುದು ಹೆಸರಿನ ಕಾಲಂನಲ್ಲಿ.

ಟೇಪು ಸುತ್ತುವಾಗ ಕಣ್ಣೆದುರು ಇರುವುದು ತೊಗಟೆ. ಆರಂಭ ಅಲ್ಲಿಂದಲೇ ಆಗಲಿ. ಘಟ್ಟದ ಎಲೆ ಉದುರುವ ಕಾಡಿನಲ್ಲಿ ತೊಗಟೆಯೊಂದರಿಂದಲೇ ಮುಗಿದುಹೋಗುವ ಮರಗಳು ಎಷ್ಟೋ ಇವೆ. ಮತ್ತಿಯ ತೊಗಟೆ ಕಪ್ಪಗೆ, ಆಳವಾಗಿ ಚೌಕಚೌಕವಾಗಿ ಬಿರುಕು ಬಿಟ್ಟು ಮೊಸಳೆಯ ಬೆನ್ನಿನಂತೆ ಕಾಣುತ್ತದೆ. ಅದರ ಹತ್ತಿರದ ಬಂಧು ಹೊಳೆಮತ್ತಿಗೆ ಇದರ ಸುಳಿವೇ ಇಲ್ಲ; ನೀರಿನ ಪಕ್ಕ ನಿಲ್ಲುವ ಆ ಮರದ ತೊಗಟೆ ನುಣುಪು, ಬೂದುಬಿಳುಪು, ಚಕ್ಕೆಯಾಗಿ ಕಳಚುವಂಥದ್ದು. ಎರಡರ ಕಾಯಿಗೂ ಐದು ರೆಕ್ಕೆ, ಆದ್ದರಿಂದ ಕಾಯಿ ಮಾತ್ರ ನೋಡಿದವರು ಗೊಂದಲಕ್ಕೆ ಬೀಳುತ್ತಾರೆ, ಬುಡ ನೋಡಿದವರು ಬೀಳುವುದಿಲ್ಲ. ನಂದಿ ಮರವಂತೂ ದೂರದಿಂದಲೇ ಗೊತ್ತಾಗುತ್ತದೆ: ಬಿಳಿಚಿಕೊಂಡ ನುಣುಪು ಕಾಂಡ, ಕಾಗದದಷ್ಟು ತೆಳ್ಳಗೆ ಸುಲಿದು ಬೀಳುವ ಸಿಪ್ಪೆ. ಎಳೆಯ ಬೂರುಗದ ಮೈತುಂಬ ದಪ್ಪ ಬುಡದ ಚೂಪು ಮುಳ್ಳು. ಆದರೆ ಮರ ಹಳೆಯದಾದಂತೆ ಕಾಂಡದ ಕೆಳಭಾಗದ ಮುಳ್ಳು ಸವೆದು ಹೋಗುವುದುಂಟು. ಮುಳ್ಳಿಲ್ಲ, ಆದ್ದರಿಂದ ಬೂರುಗವಲ್ಲ ಎಂದು ಬರೆದುಬಿಡಬೇಡಿ.

ಆಮೇಲೆ ಸೊನೆ. ಪುಸ್ತಕಗಳಲ್ಲಿ ತೊಗಟೆಗೆ ಕಚ್ಚು ಹಾಕಿ ನೋಡಿ ಎಂದು ಬರೆದಿರುತ್ತದೆ. ನನಗೆ ಅದು ಇಷ್ಟವಿಲ್ಲ, ಬಹುತೇಕ ಬೇಕಾಗಿಯೂ ಇಲ್ಲ. ಕಾಡಿನಲ್ಲಿ ಗಾಯವಿಲ್ಲದ ಮರ ಕಡಿಮೆ. ಆನೆ ಉಜ್ಜಿದ್ದು, ಕೊಂಬೆ ಮುರಿದದ್ದು, ಕಡವೆ ಕೊಂಬು ತಿಕ್ಕಿದ್ದು ಎಲ್ಲಾದರೂ ಇದ್ದೇ ಇರುತ್ತದೆ. ಹುಡುಗರು ಅತಿ ಹೆಚ್ಚು ಕೇಳುವ ಪ್ರಶ್ನೆ "ಅಣ್ಣಾ, ಇದು ಬೀಟೆಯೋ ಹೊನ್ನೆಯೋ?" ಎಂಬುದು. ಎರಡರಲ್ಲೂ ಒಂದು ತೊಟ್ಟಿಗೆ ಐದಾರು ಕಿರುಎಲೆ (ಒಂದೇ ಎಲೆ ಹಲವು ತುಣುಕಾಗಿದ್ದರೆ ಅದರ ಒಂದೊಂದು ತುಣುಕು), ಅವೂ ಎದುರುಬದುರಲ್ಲ, ಒಂದು ಬಿಟ್ಟು ಒಂದು. ಆದರೆ ಹೊನ್ನೆಯ ಗಾಯದಲ್ಲಿ ರಕ್ತದ ಬಣ್ಣದ ಅಂಟು ಒಸರಿ ಒಣಗಿರುತ್ತದೆ, ಬೀಟೆಯಲ್ಲಿ ಅದಿಲ್ಲ. ನೆಲದಲ್ಲಿ ಹಳೆಯ ಕಾಯಿ ಸಿಕ್ಕರೆ ಸಂಶಯವೇ ಉಳಿಯುವುದಿಲ್ಲ. ಹೊನ್ನೆಯದು ದುಂಡಗೆ, ನಡುವೆ ಬೀಜ, ಸುತ್ತ ತೆಳು ರೆಕ್ಕೆ. ಬೀಟೆಯದು ಚಪ್ಪಟೆ ಉದ್ದ ಕಾಯಿ. ಹಾಗೆಂದು ಕೆಂಪು ಸೊನೆ ಕಂಡದ್ದೆಲ್ಲ ಹೊನ್ನೆಯಲ್ಲ. ನಿತ್ಯಹರಿದ್ವರ್ಣದ ಕಡೆಗೆ ಹೋದರೆ ರಾಮಪತ್ರೆಯ ಜಾತಿಯ ಮರಗಳೂ ಕೆಂಪು ಸುರಿಸುತ್ತವೆ. ಅವುಗಳ ಎಲೆ ಒಂಟಿ, ಕೊಂಬೆಗಳು ಕಾಂಡದಿಂದ ಅಡ್ಡಡ್ಡ ಚಾಚಿರುತ್ತವೆ.

ಎಲೆಯ ಸರದಿ ಬಂದಾಗಲೂ ಆಕಾರಕ್ಕಿಂತ ಮೊದಲು ಎರಡು ಸಂಗತಿ ನೋಡಲು ಹೇಳುತ್ತೇನೆ. ಎಲೆಗಳು ಜೋಡಿಯಾಗಿ ಎದುರುಬದುರು ಇವೆಯೋ, ಒಂದರ ನಂತರ ಒಂದು ಇವೆಯೋ? ನಿಮ್ಮ ಕೈಲಿರುವುದು ಇಡೀ ಎಲೆಯೋ, ಎಲೆಯೊಂದರ ತುಣುಕೋ? ಎರಡನೆಯದು ಅನುಭವಿಗಳನ್ನೂ ಸತಾಯಿಸುತ್ತದೆ. ಉಪಾಯ ಮೊಗ್ಗಿನಲ್ಲಿದೆ. ಎಲೆಯ ತೊಟ್ಟು ಕಡ್ಡಿಗೆ ಸೇರುವ ಕಂಕುಳಲ್ಲಿ ಪುಟ್ಟ ಮೊಗ್ಗು ಕೂತಿರುತ್ತದೆ, ಕಿರುಎಲೆಯ ಬುಡದಲ್ಲಿ ಇರುವುದಿಲ್ಲ. ಮೊಗ್ಗು ಸಿಗುವವರೆಗೆ ಹಿಂದೆ ಹೋಗುತ್ತಾ ಇದ್ದರೆ ಎಲೆ ಎಲ್ಲಿ ಶುರುವಾಗುತ್ತದೆ ಎಂದು ತಿಳಿಯುತ್ತದೆ. ಒಂದು ಭೂತಗನ್ನಡಿ ಜೇಬಿನಲ್ಲಿದ್ದರೆ ಸಾಕು. ಅದೇ ಕನ್ನಡಿಯಲ್ಲಿ ಮತ್ತಿಯ ಎಲೆಯ ಹಿಂಬದಿ, ನಡುನರದ ಬುಡದ ಹತ್ತಿರ ಇರುವ ಸಣ್ಣ ಗಂಟುಗಳೂ, ನೇರಳೆ ಎಲೆಯ ಅಂಚಿನುದ್ದಕ್ಕೂ ಓಡುವ ತೆಳು ನರವೂ ಕಾಣುತ್ತವೆ. ಆಲ, ಬಸರಿ, ಅತ್ತಿಯ ಕಡ್ಡಿಯಲ್ಲಿ ಪ್ರತಿ ಎಲೆಯ ಹತ್ತಿರ ಉಂಗುರದಂತೆ ಒಂದು ಗೆರೆ ಇರುತ್ತದೆ. ಗೆರೆಯ ಜೊತೆ ಹಾಲೂ ಬಂದರೆ ಹುಡುಕಾಟ ಒಂದೇ ಕುಟುಂಬಕ್ಕೆ ಇಳಿಯಿತು.

ಎಲೆಯ ಆಕಾರವನ್ನು ನಾನು ಕೊನೆಗೆ ತಳ್ಳುವುದಕ್ಕೆ ಹೆಬ್ಬಲಸು ಒಳ್ಳೆಯ ಸಾಕ್ಷಿ. ಎಳೆ ಗಿಡದಲ್ಲಿ ಎಲೆ ಆಳವಾಗಿ ಸೀಳಿಕೊಂಡಿರುತ್ತದೆ, ದೊಡ್ಡ ಮರದಲ್ಲಿ ಸೀಳೇ ಇಲ್ಲ. ತಾಯಿ ಮರದ ಕೆಳಗೆ ಬೆಳೆದ ಮರಿಗಳನ್ನು ಬೇರೆ ಜಾತಿ ಎಂದು ಬರೆದ ಶೀಟುಗಳನ್ನು ತಿದ್ದಿ ತಿದ್ದಿ ನನಗೆ ಸಾಕಾಗಿದೆ.

ಮುರಿದು, ಹಿಸುಕಿ, ಮೂಸಿ ನೋಡುವುದು ಒಳ್ಳೆಯ ಅಭ್ಯಾಸ. ಮಾವಿನ ಎಲೆ ಹಿಸುಕಿದರೆ ವಾಸನೆಯೇ ಹೆಸರು ಹೇಳುತ್ತದೆ. ತೇಗದ ಎಳೆ ಎಲೆ ಉಜ್ಜಿದರೆ ಬೆರಳು ಕೆಂಪಾಗುತ್ತದೆ. ಆದರೆ ಈ ಅಭ್ಯಾಸಕ್ಕೆ ಕೈ ಹಾಕುವ ಮೊದಲು ಹೊಸಬರಿಗೆ ಒಂದು ಮರವನ್ನು ಕಡ್ಡಾಯವಾಗಿ ತೋರಿಸಬೇಕು: ಹೊಲಗೇರು. ಮಾವಿನದೇ ಕುಟುಂಬ, ಎಲೆಗಳೂ ಮಾವಿನಂತೆಯೇ ಕೊಂಬೆಯ ತುದಿಯಲ್ಲಿ ಗುಂಪುಗುಂಪು. ಸೊನೆ ಗಾಳಿಗೆ ಕಪ್ಪಾಗುತ್ತದೆ, ಮೈಗೆ ತಾಗಿದರೆ ತುರಿಕೆ, ಊತ, ಗುಳ್ಳೆ. ಕಾಂಡದ ಮೇಲೆ ಟಾರು ಇಳಿದಂಥ ಕಪ್ಪು ಕಲೆ ಕಂಡರೆ ಕೈ ಜೇಬಿನಲ್ಲಿರಲಿ. ಎಲೆ ನೋಡಲೇಬೇಕಾದರೆ ಬೈನಾಕ್ಯುಲರ್‌ನಲ್ಲಿ ತೊಟ್ಟನ್ನು ನೋಡಿ. ಎಳೆಯ ಎಲೆಗಳ ತೊಟ್ಟಿನಲ್ಲಿ ಒಂದು ಜೊತೆ ಸಣ್ಣ ಕೊಕ್ಕೆಗಳಿರುತ್ತವೆ.

ಮೊಬೈಲ್ ಆ್ಯಪ್‌ಗಳ ವಿಷಯ ಎಲ್ಲರೂ ಕೇಳುತ್ತಾರೆ. ಕುಟುಂಬದವರೆಗೆ ಕರೆದೊಯ್ಯಲು ಪರವಾಗಿಲ್ಲ. ನೆಲದಲ್ಲಿ ಬಿದ್ದ ಒಂದು ಎಲೆಯ ಫೋಟೊ ಕೊಟ್ಟು ಹೆಸರು ಕೇಳಿದರೆ ಅದು ಏನಾದರೊಂದು ಹೇಳುತ್ತದೆ, ಆ ಎಲೆ ಆ ಮರದ್ದೇ ಎಂದು ಹೇಳುವವರು ಯಾರು?

ಇಷ್ಟೆಲ್ಲ ಆದರೂ ಗೊತ್ತಾಗದ ಮರ ಸಿಕ್ಕೇ ಸಿಗುತ್ತದೆ. ಜಗತ್ತಿನಲ್ಲಿ ಹೆಸರಿಟ್ಟ ಮರದ ಜಾತಿಗಳೇ ಸುಮಾರು 60 ಸಾವಿರ. ಎಲ್ಲ ಗೊತ್ತಿರುವವರು ಯಾರೂ ಇಲ್ಲ. ಆಗ ಶೀಟಿನಲ್ಲಿ "ಗೊತ್ತಿಲ್ಲ-1" ಎಂದು ಬರೆದು, ಟ್ಯಾಗ್ ನಂಬರಿನ ಜೊತೆ ಕಡ್ಡಿ ಸಮೇತ ಎಲೆಯನ್ನು ಹಳೆ ಪತ್ರಿಕೆಯೊಳಗೆ ಒತ್ತಿಟ್ಟುಕೊಳ್ಳಬೇಕು. ಹೊಸಬರಿಗೆ ಇದು ಅವಮಾನ ಅನಿಸುತ್ತದೆ. ಕಾಲಂ ಖಾಲಿ ಕಾಣಬಾರದೆಂದು ಹತ್ತಿರದ ಹೆಸರು ಹಾಕುತ್ತಾರೆ. ಆ ಹೆಸರು ಎಲ್ಲಿಗೆ ಹೋಗುತ್ತದೆ ಎಂದು ತಿಳಿದರೆ ಹಾಕುವುದಿಲ್ಲ. ಕಾಡು ಎಷ್ಟು ಇಂಗಾಲ ಹಿಡಿದಿಟ್ಟಿದೆ ಎಂದು ಲೆಕ್ಕ ಹಾಕುವಾಗ ಸುತ್ತಳತೆಯ ಜೊತೆ ಆ ಜಾತಿಯ ಮರದ ಸಾಂದ್ರತೆಯನ್ನೂ ಸೇರಿಸುತ್ತಾರೆ. ಬೂರುಗದ ಮರ ಹಗುರ, ಮತ್ತಿಯದು ಭಾರ. ಒಂದೇ ಗಾತ್ರದ ತುಂಡು ತೂಗಿದರೆ ಮತ್ತಿ ಸುಮಾರು ಎರಡು ಪಟ್ಟು ತೂಗುತ್ತದೆ. "ಗೊತ್ತಿಲ್ಲ" ಎಂದು ಬರೆದಿದ್ದರೆ ಲೆಕ್ಕ ಹಾಕುವವರು ಸರಾಸರಿ ಸಾಂದ್ರತೆ ಹಿಡಿಯುತ್ತಾರೆ, ಮುಂದೆ ಯಾರಾದರೂ ಹೋಗಿ ಮತ್ತೆ ನೋಡುತ್ತಾರೆ. ತಪ್ಪು ಹೆಸರನ್ನು ಯಾರೂ ಮತ್ತೆ ನೋಡುವುದಿಲ್ಲ.

ಮತ್ತೆ ನೋಡುವುದಕ್ಕೆ ಕಾಲ ಆರಿಸಿಕೊಂಡು ಹೋದರೆ ಅರ್ಧ ಕೆಲಸ ಕಾಡೇ ಮಾಡಿಕೊಡುತ್ತದೆ. ಮಳೆ ಕಳೆಯುವ ಹೊತ್ತಿಗೆ ಕಿಂದಳದ ಹೂವು, ಅದರ ಹಿಂದೆಯೇ ಬರುವ ಪುಟ್ಟ ರೆಕ್ಕೆಗಾಯಿ ಸೇರಿ ಇಡೀ ನೆತ್ತಿ ಕೆಂಚಾಗುತ್ತದೆ. ಎದುರು ಗುಡ್ಡದಲ್ಲಿ ನಿಂತು ಎಷ್ಟು ಕಿಂದಳ ಇವೆ ಎಂದು ಎಣಿಸಬಹುದು. ಆ ನೋಟಕ್ಕೋಸ್ಕರ ಕೆಲಸವಿಲ್ಲದ ದಿನವೂ ನಾನು ಹೋಗುವುದುಂಟು. ಚಳಿ ಇಳಿಯುವಾಗ ಬೂರುಗ, ಮುತ್ತುಗ ಎಲೆ ಉದುರಿಸಿ ಹೂವಿನಲ್ಲೇ ನಿಂತಿರುತ್ತವೆ. ಬೇಸಿಗೆಯಲ್ಲಿ ಜಂಬೆಯ ಗಟ್ಟಿ ಕಾಯಿ ಸಿಡಿದು ನೆಲದಲ್ಲಿ ತಿರುಚಿ ಬಿದ್ದಿರುತ್ತದೆ. ಕಲಿಯಬೇಕೆನ್ನುವವರು ಹೊಸ ಹೊಸ ಕಾಡು ಹುಡುಕುವುದಕ್ಕಿಂತ, ದಿನಾ ನಡೆಯುವ ಒಂದೇ ದಾರಿಯ ಹತ್ತಿಪ್ಪತ್ತು ಮರಗಳನ್ನು ಹಿಡಿದುಕೊಂಡು ಈ ಮೂರು ಕಾಲದಲ್ಲೂ ನೋಡಿದರೆ ಬೇಗ ಕೈಗೆ ಹತ್ತುತ್ತದೆ. ಶುರು ಮಾಡಲು ಮಾರ್ಚ್ ಒಳ್ಳೆಯ ತಿಂಗಳು: ಬಹುಪಾಲು ಮರಗಳಲ್ಲಿ ಎಲೆ ಇರುವುದಿಲ್ಲ, ಬುಡ ನೋಡದೆ ಬೇರೆ ದಾರಿಯಿಲ್ಲ.